ಎಳ್ಳಮಾವಾಸ್ಯೆಯಿಂದ ಸಂಕ್ರಾಂತಿಯವರೆಗೆ: ಊರ ಪ್ರಾಥಮಿಕ ಶಾಲೆಗೆ ಹೆಗಲು ಕೊಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್ ಮತ್ತು ಯಾದಗಿರಿ ಭಾಗದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬಹುಕಾಲ ಕೆಲಸ ಮಾಡಿ ನಿವೃತ್ತಿಯಾದ ಮೇಲೂ, ನವೆಂಬರ್ ಮುಗಿಯುತ್ತಿದ್ದಂತೆ ನನಗೆ ಪಾಲಕರಿಂದ, ಹಳೆಯ ವಿದ್ಯಾರ್ಥಿಗಳಿಂದ, ಹೊಸದಾಗಿ ನೇಮಕವಾದ ಶಿಕ್ಷಕರಿಂದ ಒಂದೇ ಬಗೆಯ ಪ್ರಶ್ನೆಗಳು ಬರುತ್ತವೆ. ಕೆಲವು ಫೋನಿನಲ್ಲಿ ಬಂದವು, ಕೆಲವು ಚೀಟಿಯಲ್ಲಿ, ಹೆಚ್ಚಿನವು ಬಸ್ ನಿಲ್ದಾಣದ ಮಾತುಕತೆಯಲ್ಲಿ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿಕೊಂಡು, ಸರಳವಾದವುಗಳಿಂದ ತೊಡಕಿನವುಗಳವರೆಗೆ ಇಲ್ಲಿ ಜೋಡಿಸಿದ್ದೇನೆ.

## ಮೊದಲು ತಿಳಿಯಬೇಕಾದದ್ದು

ನಮ್ಮ ಸರ್ಕಾರಿ ಶಾಲೆಗಳಿಗೆ ಚಳಿಗಾಲದ ರಜೆಯೇ ಇಲ್ಲವಲ್ಲ, ಮತ್ತೆ ಡಿಸೆಂಬರ್‌ನಲ್ಲೇ ಏಕೆ ಸಹಾಯದ ಮಾತು?

ದೀರ್ಘ ರಜೆ ಇಲ್ಲವೆಂಬುದು ನಿಜ. ನಮ್ಮ ಶಾಲೆಗಳಿಗೆ ಅಕ್ಟೋಬರ್‌ನಲ್ಲಿ ದಸರಾ ರಜೆ ಸಿಗುತ್ತದೆ, ಏಪ್ರಿಲ್‌ನಲ್ಲಿ ಬೇಸಿಗೆ ರಜೆ ಶುರುವಾಗುತ್ತದೆ. ಕ್ರಿಸ್ಮಸ್‌ಗೆ ಹೆಚ್ಚು ದಿನ ಬಿಡುವುದು ಮಿಷನ್ ಶಾಲೆಗಳಂಥ ಕಡೆ. ಆದರೆ ಎಳ್ಳಮಾವಾಸ್ಯೆಗೆ ಊರಿಗೆ ಊರೇ ಹೊಲಕ್ಕೆ ಹೊರಟು ಚರಗ ಚೆಲ್ಲುತ್ತದೆ, ಅಂದರೆ ಬೆಳೆಗೆ ಎಡೆ ಎರಚುತ್ತದೆ, ಅದರ ಆಸುಪಾಸಿನಲ್ಲಿ ಕ್ರಿಸ್ಮಸ್, ಬೆನ್ನಿಗೆ ಸಂಕ್ರಾಂತಿ ಬರುತ್ತವೆ, ನಡುನಡುವೆ ತೊಗರಿ ರಾಶಿ, ಹತ್ತಿ ಬಿಡಿಸುವುದು, ಕಬ್ಬು ಕಡಿಯುವುದು ನಡೆದೇ ಇರುತ್ತದೆ. ಎಳ್ಳಮಾವಾಸ್ಯೆ 2024ರಲ್ಲಿ ಡಿಸೆಂಬರ್ 30ಕ್ಕೆ ಬಂದಿತ್ತು, 2025ರಲ್ಲಿ ಡಿಸೆಂಬರ್ 19ಕ್ಕೇ ಬಂತು. ಹಬ್ಬ ಬೇಗ ಬಂದಷ್ಟೂ ಸಂಕ್ರಾಂತಿಯವರೆಗಿನ ಸಡಿಲ ದಿನಗಳು ಹೆಚ್ಚುತ್ತವೆ. ಕಾಗದದ ಮೇಲೆ ಶಾಲೆ ನಡೆಯುತ್ತಿರುತ್ತದೆ, ಹಾಜರಿ ಪುಸ್ತಕದಲ್ಲಿ ಮಾತ್ರ ಗೈರುಹಾಜರಿಯ ಗುರುತುಗಳು ಏಳುತ್ತ ಹೋಗುತ್ತವೆ. ನನ್ನ ಅನುಭವದಲ್ಲಿ ಒಂದು ಮಗು ಶಾಲೆಯಿಂದ ಶಾಶ್ವತವಾಗಿ ಜಾರುವುದು ಬಹುಪಾಲು ಈ ನಾಲ್ಕೈದು ವಾರಗಳಲ್ಲಿ. ಆದ್ದರಿಂದ ಈ ಅವಧಿಯಲ್ಲಿ ಕೊಡುವ ಪ್ರತಿಯೊಂದು ಸಹಾಯವನ್ನೂ, ಇದರಿಂದ ಮಗು ನಾಳೆ ಬೆಳಿಗ್ಗೆ ಶಾಲೆಗೆ ಬರುವುದು ಸುಲಭವಾಗುತ್ತದೆಯೇ ಎಂದು ಕೇಳಿಕೊಂಡೇ ಕೊಡಬೇಕೆಂಬುದು ನನ್ನ ಆಗ್ರಹ.

ಊರ ಸಾಲಿಗೆ ಏನರ ಮಾಡಬೇಕಂದ್ರ ಮೊದಲು ಯಾರಿಗಿ ಕೇಳಬೇಕ್ರಿ?

ಮುಖ್ಯಗುರುಗಳನ್ನು ಕೇಳಬೇಕು, ಜೊತೆಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು, ಅಂದರೆ ಎಸ್‌ಡಿಎಂಸಿಯನ್ನು ಕೇಳಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಪರಿಚ್ಛೇದವು ಶಾಲಾ ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲು ಮಕ್ಕಳ ತಂದೆ-ತಾಯಿ ಅಥವಾ ಪೋಷಕರೇ ಇರಬೇಕು, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎನ್ನುತ್ತದೆ. ಹಾಗಾಗಿ ನಿಮ್ಮ ಓಣಿಯಲ್ಲೇ ಒಬ್ಬ ಸದಸ್ಯೆ ಇರುವ ಸಾಧ್ಯತೆ ಹೆಚ್ಚು. ನವೆಂಬರ್ ಕೊನೆಯ ವಾರದಲ್ಲಿ ಹೋಗಿ, ಈ ವರ್ಷ ಶಾಲೆಗೆ ಏನು ಕಡಿಮೆ ಬಿದ್ದಿದೆ ಎಂದು ಕೇಳಿ. ಕೇಳದೆ ತಂದ ವಸ್ತುಗಳು ಬೀರುವಿನ ಮೇಲೆ ಧೂಳು ತಿನ್ನುವುದನ್ನು ನಾನು ಹಲವು ಶಾಲೆಗಳಲ್ಲಿ ಕಂಡಿದ್ದೇನೆ. ಒಂದೇ ಹಂಗಾಮಿನಲ್ಲಿ ಮೂರು ಗುಂಪುಗಳು ಬಂದು ಮೂರು ಸಲ ನೋಟ್‌ಬುಕ್ಕನ್ನೇ ಹಂಚಿದ ಶಾಲೆಯಲ್ಲಿ ಮಕ್ಕಳಿಗೆ ಕುಡಿಯುವ ನೀರಿನ ಫಿಲ್ಟರ್ ಕೆಟ್ಟು ನಿಂತಿತ್ತು.

ಕೈಯಲ್ಲಿ ಹಣವಿಲ್ಲ, ಹೊಲದ ಕೆಲಸ ಬೇರೆ. ನಮ್ಮಂಥವರಿಂದ ಏನಾದೀತು?

ಬೆಳಿಗ್ಗೆ ಹೊಲಕ್ಕೆ ಹೊರಡುವ ಮುನ್ನ ನಿಮ್ಮ ಮಗುವಿನ ಜೊತೆ ನೆರೆಮನೆಯ ಮಗುವನ್ನೂ ಕೂಗಿ ಕರೆದು ಶಾಲೆಯ ದಾರಿ ಹಿಡಿಸಿ. ತಾಯಿ-ತಂದೆ ಬೆಳಗಿನ ಜಾವವೇ ಕೂಲಿಗೆ ಹೋದ ಮನೆಗಳಲ್ಲಿ ಮಗುವನ್ನು ಎಬ್ಬಿಸುವವರು ಯಾರೂ ಇರುವುದಿಲ್ಲ. ಚಳಿಗೆ ಕೌದಿಯೊಳಗೆ ಮುದುಡಿದ ಮಗು ಎದ್ದಾಗ ಶಾಲೆಯ ಪ್ರಾರ್ಥನೆ ಮುಗಿದಿರುತ್ತದೆ, ಆಮೇಲೆ ಅದು ಹೆದರಿ ಹೋಗುವುದೇ ಇಲ್ಲ. ಈ ಒಂದು ಕೆಲಸಕ್ಕೆ ಹಣ ಬೇಕಿಲ್ಲ.

## ಮಕ್ಕಳ ಮೈ, ಹೊಟ್ಟೆ ಮತ್ತು ಓದು

ಮಕ್ಕಳಿಗೆ ಸ್ವೆಟರ್ ಕೊಡಿಸಬೇಕೆಂದಿದ್ದೇವೆ. ಏನು ನೋಡಿ ತರಬೇಕು?

ಸರ್ಕಾರದಿಂದ ಮಕ್ಕಳಿಗೆ ಪಠ್ಯಪುಸ್ತಕ, ಸಮವಸ್ತ್ರ, ಶೂ ಮತ್ತು ಸಾಕ್ಸ್ ಬರುತ್ತವೆ. ಸ್ವೆಟರ್ ಆ ಪಟ್ಟಿಯಲ್ಲಿಲ್ಲ. ಬೀದರ್‌ನ ಎತ್ತರದ ಬಯಲಿನಲ್ಲಿ ಕೆಲವು ರಾತ್ರಿ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವುದುಂಟು, ಕಲಬುರಗಿ ಮತ್ತು ಯಾದಗಿರಿಯಲ್ಲಿ ಅಷ್ಟಿರದಿದ್ದರೂ ತೆಳು ಅಂಗಿಯ ಮಗುವಿಗೆ ಬೆಳಗಿನ ಗಾಳಿ ಸಾಕಷ್ಟು ಕಾಡುತ್ತದೆ. ಆದ್ದರಿಂದ ನಿಮ್ಮ ಯೋಚನೆ ಸರಿಯಾದದ್ದು.

ಎಲ್ಲಕ್ಕಿಂತ ಮೊದಲು ಎಣಿಕೆ. ನಾನು ಮುಖ್ಯಗುರುವಾಗಿದ್ದ ಒಂದು ಶಾಲೆಗೆ ಪಟ್ಟಣದ ದಾನಿಗಳ ಗುಂಪೊಂದು ಅರವತ್ತು ಸ್ವೆಟರ್ ಹೊತ್ತು ಬಂತು. ದಾಖಲಾತಿ ಎಂಬತ್ನಾಲ್ಕು ಇತ್ತು. ಮೊದಲೇ ಸಂಖ್ಯೆ ಕೇಳಿರಲಿಲ್ಲ, ನಾನೂ ತಡೆದು ಹೇಳಲಿಲ್ಲ, ಕಾರ್ಯಕ್ರಮ ನಡೆದುಹೋಯಿತು. ಮೂರನೇ ತರಗತಿಯ ಹುಡುಗಿಯೊಬ್ಬಳು ತನಗೆ ಸಿಕ್ಕ ಕೆಂಪು ಸ್ವೆಟರನ್ನು ತೊಡದೆ ನಾಲ್ಕು ಮಡಿಕೆ ಮಾಡಿ ಪಾಟಿಚೀಲದ ತಳದಲ್ಲಿಟ್ಟು, ಮೇಲೆ ಪುಸ್ತಕ ಮುಚ್ಚಿದಳು. ಒಂದನೇ ತರಗತಿಯ ಅವಳ ತಮ್ಮನಿಗೆ ಸಿಕ್ಕಿರಲಿಲ್ಲ. ಆ ಚಳಿಗಾಲವಿಡೀ ಅವಳು ಅದನ್ನು ಶಾಲೆಗೆ ತೊಟ್ಟು ಬರಲಿಲ್ಲ. ಎಲ್ಲರಿಗೂ ಸಾಲದಿದ್ದರೆ ಒಂದರಿಂದ ಮೂರನೇ ತರಗತಿಯವರೆಗಿನ ಎಲ್ಲ ಮಕ್ಕಳಿಗೆ ಮಾತ್ರ ಕೊಡುತ್ತೇವೆ ಎಂದು ಮೊದಲೇ ಸಾರಿ, ಉಳಿದವರಿಗೆ ಮುಂದಿನ ವರ್ಷ ಕೊಡುವುದು ಎಷ್ಟೋ ವಾಸಿ. ಜಾಣ ಮಕ್ಕಳಿಗೆ, ಬಡ ಮಕ್ಕಳಿಗೆ ಎಂದು ಆರಿಸಿ ಕರೆಯುವುದನ್ನಂತೂ ದಯವಿಟ್ಟು ಮಾಡಬೇಡಿ.

ಅಳತೆಯನ್ನು ತರಗತಿ ಶಿಕ್ಷಕರಿಂದಲೇ ಪಡೆಯಿರಿ; ಎದೆಯ ಸುತ್ತಳತೆ ಮತ್ತು ತೋಳಿನ ಉದ್ದ ಬರೆದ ಪಟ್ಟಿಯಿದ್ದರೆ ಅಂಗಡಿಯವರಿಗೆ ಸಾಕು. ಒಂದು ಅಳತೆ ದೊಡ್ಡದನ್ನೇ ತಂದರೆ ಎರಡು ಚಳಿಗಾಲಕ್ಕೆ ಬರುತ್ತದೆ. ತಲೆಯ ಮೇಲಿಂದ ಎಳೆದು ತೊಡುವುದಕ್ಕಿಂತ ಮುಂದೆ ಗುಂಡಿ ಇರುವುದು ಚಿಕ್ಕ ಮಕ್ಕಳಿಗೆ ಅನುಕೂಲ, ಬಿಸಿಲೇರಿದಾಗ ತಾವೇ ಬಿಚ್ಚಿಕೊಳ್ಳುತ್ತಾರೆ. ಕೊಳೆ ಕಾಣದ ಗಾಢ ಬಣ್ಣವಿರಲಿ. ನಡುವೆ ದಾಖಲಾಗುವ ಮಕ್ಕಳಿಗೆಂದು ನಾಲ್ಕೈದು ಹೆಚ್ಚುವರಿ ತನ್ನಿ, ಶಾಲೆಯ ಆವರಣದಲ್ಲೇ ಅಂಗನವಾಡಿ ಇದ್ದರೆ ಆ ಕೂಸುಗಳನ್ನು ಮರೆಯಬೇಡಿ. ಜನವರಿ ಬಂದ ಮೇಲೆ ಹಂಚಿದ ಸ್ವೆಟರಿನ ಉಪಯೋಗ ಅರ್ಧಕ್ಕರ್ಧ ಕಡಿಮೆ. ಡಿಸೆಂಬರ್ ಮೊದಲ ವಾರದೊಳಗೆ ತಲುಪಿಸಿ.

ಬೆಳಿಗ್ಗೆ ಮಕ್ಕಳು ನಡುಗುತ್ತ ಕೂಡುತ್ತಾರೆ. ತರಗತಿಯೊಳಗೆ ಕೆಂಡದ ಬುಟ್ಟಿ ಇಡಬಹುದೇ?

ಖಂಡಿತ ಬೇಡ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದಾಗ ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ; ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ತಲೆನೋವು ಮತ್ತು ತೂಕಡಿಕೆ ಬರುವ ಹೊತ್ತಿಗೆ ಅಪಾಯ ಬಹಳ ಹತ್ತಿರವಾಗಿರುತ್ತದೆ. ಅಂಗಳದಲ್ಲಿ ತೊಗರಿ ಕಟ್ಟಿಗೆ ಹಚ್ಚಿ ಕಾಯಿಸಿಕೊಳ್ಳುವ ರೂಢಿಯೂ ಚಿಕ್ಕ ಮಕ್ಕಳ ಉದ್ದ ಲಂಗ, ಓಢಣಿಗಳ ದೃಷ್ಟಿಯಿಂದ ಒಳ್ಳೆಯದಲ್ಲ.

ಚಳಿ ಹೆಚ್ಚು ಏರುವುದು ನೆಲದಿಂದ. ಶಹಾಬಾದ್ ಕಲ್ಲಿನ ಹಾಸು ಬೇಸಿಗೆಯಲ್ಲಿ ಎಷ್ಟು ತಂಪೋ ಡಿಸೆಂಬರ್‌ನಲ್ಲಿ ಅಷ್ಟೇ ಕೊರೆಯುತ್ತದೆ, ಮತ್ತು ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ತರಗತಿಗಳಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ನೆಲದ ಮೇಲೆಯೇ ಗುಂಪಾಗಿ ಕುಳಿತು ಕಲಿಯುತ್ತಾರೆ. ದಪ್ಪ ಜಮಖಾನೆ, ಅದು ಸಿಗದಿದ್ದರೆ ಮನೆಯಲ್ಲಿ ಹಳೆ ಸೀರೆಯಿಂದ ಹೊಲಿದ ಕೌದಿ, ಒಂದು ಕೋಣೆಗೆ ಎರಡು ಮೂರು ಇದ್ದರೆ ಸಾಕು. ಕೌದಿ ಹೊಲಿಯುವ ಅಜ್ಜಿಯರು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ. ಶಾಲೆಯಿಂದ ಹೋಗಿ ಕೇಳಿದರೆ ಅವರು ಇಲ್ಲವೆನ್ನುವುದು ಅಪರೂಪ. ಒಡೆದ ಕಿಟಕಿ ಗಾಜಿಗೆ ರಟ್ಟು ಹೊಡೆಯುವುದು, ಮೊದಲ ಅವಧಿಯನ್ನು ಅಂಗಳದ ಬಿಸಿಲಿನಲ್ಲಿ ನಡೆಸುವುದು ಇವೆಲ್ಲ ಮುಖ್ಯಗುರುಗಳು ತಾವೇ ಮಾಡಬಹುದಾದ ಕೆಲಸಗಳು.

ಕೈಕಾಲು ಒಡೆದು ರಕ್ತ ಬರುತ್ತಿದೆ, ಕೆಲವರಿಗೆ ಮೈಯೆಲ್ಲ ತುರಿಕೆ. ಶಾಲೆಯಲ್ಲಿ ಏನು ಮಾಡಬಹುದು?

ಒಣಗಾಳಿಗೆ ಒಡೆದ ಚರ್ಮಕ್ಕೆ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಸಾಕು. ಎಣ್ಣೆ ಚಳಿಗೆ ಗಟ್ಟಿಯಾಗಿ ಬಾಟಲಿಯಿಂದ ಬರುವುದಿಲ್ಲವೆಂದು ಮಕ್ಕಳು ಹಚ್ಚಿಕೊಳ್ಳದೆ ಬಿಡುತ್ತಾರೆ; ಅಗಲ ಬಾಯಿಯ ಡಬ್ಬಿಗೆ ಸುರಿದಿಟ್ಟರೆ ಬೆರಳಿನಿಂದ ತೆಗೆದುಕೊಳ್ಳಲು ಬರುತ್ತದೆ. ತುರಿಕೆಯ ವಿಷಯ ಬೇರೆ. ಬೆರಳ ಸಂದಿಯಲ್ಲಿ ಸಣ್ಣ ಗುಳ್ಳೆ, ರಾತ್ರಿ ಹೆಚ್ಚುವ ತುರಿಕೆ ಇದ್ದರೆ ಅದು ಕಜ್ಜಿ ಇರಬಹುದು, ಅದು ಒಬ್ಬರಿಂದ ಒಬ್ಬರಿಗೆ ಹರಡುತ್ತದೆ, ಮನೆಮಂದಿಗೆಲ್ಲ ಒಟ್ಟಿಗೆ ಔಷಧ ಆಗದ ಹೊರತು ಹೋಗುವುದಿಲ್ಲ. ಅಂಥ ಮಕ್ಕಳನ್ನು ಹೊರಗೆ ಕೂಡಿಸಿ ಅವಮಾನಿಸದೆ ಆಶಾ ಕಾರ್ಯಕರ್ತೆಯ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಭೇಟಿ ನೀಡಿದಾಗ ಇಂಥ ಮಕ್ಕಳ ಪಟ್ಟಿ ಸಿದ್ಧವಿರಲಿ.

ಎಳ್ಳಮಾವಾಸ್ಯೆಗೆ ಸಾಲಿ ಮಕ್ಕಳಿಗೆ ಭಜ್ಜಿ, ಕಡುಬು ಮಾಡಿಸಿ ಉಣ್ಣಿಸಬಹುದಾ?

ಉಣ್ಣಿಸಬಹುದು, ಉಣ್ಣಿಸಬೇಕು ಕೂಡ. ಸಮುದಾಯದವರು ವಿಶೇಷ ದಿನಗಳಲ್ಲಿ ಶಾಲಾ ಮಕ್ಕಳಿಗೆ ಊಟ ಅಥವಾ ಹೆಚ್ಚುವರಿ ತಿನಿಸು ನೀಡುವುದಕ್ಕೆ ಬಿಸಿಯೂಟದ ಪಿಎಂ ಪೋಷಣ್ ಯೋಜನೆಯಲ್ಲಿ ತಿಥಿ ಭೋಜನ ಎಂಬ ಹೆಸರಿದೆ. ಆ ಹೆಸರು ಕೇಳಿ ನಮ್ಮ ಹಳ್ಳಿಗಳಲ್ಲಿ ಹಲವರು ಹಿಂಜರಿಯುತ್ತಾರೆ, ಏಕೆಂದರೆ ಕನ್ನಡದಲ್ಲಿ ತಿಥಿಯೂಟವೆಂದರೆ ಸತ್ತವರ ಹೆಸರಿನ ಊಟ. ಇಲ್ಲಿ ತಿಥಿ ಎಂದರೆ ದಿನವೆಂದಷ್ಟೇ ಅರ್ಥ. ಹುಟ್ಟುಹಬ್ಬಕ್ಕೂ ಹಬ್ಬಕ್ಕೂ ಮಾಡಬಹುದು.

ಹಬ್ಬದ ದಿನ ಮಕ್ಕಳು ಮನೆಯವರೊಂದಿಗೆ ಹೊಲದಲ್ಲಿರುತ್ತಾರೆ, ಆದ್ದರಿಂದ ಹಿಂದಿನ ದಿನ ಅಥವಾ ಮರುದಿನ ಇಟ್ಟುಕೊಳ್ಳಿ. ನಾನು ಮರುದಿನವನ್ನೇ ಇಷ್ಟಪಡುತ್ತೇನೆ, ಏಕೆಂದರೆ ಹಬ್ಬ ಮುಗಿದ ಮರುದಿನವೇ ಹಾಜರಿ ಕುಸಿಯುತ್ತದೆ, ಊಟದ ಸುದ್ದಿ ಮಕ್ಕಳನ್ನು ತರುತ್ತದೆ. ಕಡಲೆ ಪಲ್ಲೆ, ಹಸಿ ತೊಗರಿ, ಅವರೆ, ಬದನೆಕಾಯಿ ಎಲ್ಲ ಬೆರೆತ ಭಜ್ಜಿ, ಸಜ್ಜೆ ಕಡುಬು, ಅಂಬಲಿ ನಮ್ಮ ಹೊಲದಿಂದಲೇ ಬರುವ, ಪಟ್ಟಣದ ಸಿಹಿತಿಂಡಿಗಿಂತ ಎಷ್ಟೋ ಪುಷ್ಟಿಯಾದ ಊಟ. ಅಡುಗೆ ಶಾಲೆಯ ಅಡುಗೆಕೋಣೆಯಲ್ಲೇ ಆಗಲಿ; ಹಿಂದಿನ ರಾತ್ರಿ ಮಾಡಿಟ್ಟದ್ದನ್ನು ತರಬೇಡಿ. ಬಡಿಸುವ ಮುನ್ನ ಶಿಕ್ಷಕರು ಉಂಡು ನೋಡುವ ನಿಯಮ ಅಂದೂ ಅನ್ವಯಿಸುತ್ತದೆ. ದಾನಿಯ ಮನೆಯವರು ಮಕ್ಕಳ ಜೊತೆ ಅದೇ ಸಾಲಿನಲ್ಲಿ ಕುಳಿತು ಉಂಡರೆ, ಯಾರು ಯಾರ ಪಕ್ಕ ಕೂಡಬೇಕೆಂಬ ಹಳೆಯ ಕೊಳೆ ಸ್ವಲ್ಪವಾದರೂ ತೊಳೆದು ಹೋಗುತ್ತದೆ.

2002ರಲ್ಲಿ ಬಿಸಿಯೂಟದ ಅಕ್ಷರ ದಾಸೋಹ ಯೋಜನೆ ರಾಜ್ಯದಲ್ಲಿ ಮೊದಲು ಶುರುವಾದದ್ದು ಬೀದರ್ ಮತ್ತು ಅಂದಿನ ಗುಲ್ಬರ್ಗ ಸೇರಿದಂತೆ ನಮ್ಮ ಉತ್ತರದ ಜಿಲ್ಲೆಗಳಲ್ಲಿ. ಬಿಸಿಯೂಟದ ಜೊತೆ ಮೊಟ್ಟೆ ಕೊಡುವುದು 2021ರ ಡಿಸೆಂಬರ್‌ನಲ್ಲಿ ಆರಂಭವಾದದ್ದೂ ಇಲ್ಲಿಂದಲೇ. ಶಾಲೆಯ ಊಟ ಮಗುವನ್ನು ಹಿಡಿದಿಡುತ್ತದೆ ಎಂಬುದನ್ನು ಈ ನೆಲ ಮೊದಲೇ ಕಂಡಿದೆ.

ಹಬ್ಬದ ರಜೆಗೆ ಎಷ್ಟು ಮನೆಪಾಠ ಕೊಡುವುದು ಸರಿ?

ಎರಡು ಮೂರು ದಿನಗಳ ರಜೆಗೆ ನಕಲು ಬರೆಸುವ ಮನೆಪಾಠ ಬೇಡವೇ ಬೇಡ. ಚರಗಕ್ಕೆ ಹೋದ ಮಗು ಹೊಲದಲ್ಲಿ ಎಣಿಸಿದ ಬೆಳೆಗಳ ಹೆಸರನ್ನು, ಅಜ್ಜಿ ಹೇಳಿದ ಒಂದು ಒಗಟನ್ನು ಬರೆದುಕೊಂಡು ಬರಲಿ. ಒಂದು ಕಥೆ ಪುಸ್ತಕವನ್ನು ಶಾಲಾ ಗ್ರಂಥಾಲಯದಿಂದ ಕೈಗೆ ಕೊಟ್ಟು ಕಳಿಸಿದರೆ ಅದನ್ನು ಹಿಂತಿರುಗಿಸಲಿಕ್ಕಾದರೂ ಮಗು ಬರುತ್ತದೆ. ಪುಸ್ತಕ ಹರಿದರೆ ಹರಿಯಲಿ.

## ಶಿಕ್ಷಕರು, ಅತಿಥಿ ಶಿಕ್ಷಕರು, ಅಡುಗೆಯವರು

ಹೊಸ ವರ್ಷಕ್ಕೆ ನಮ್ಮ ಗುರುಗಳಿಗೆ ಏನಾದರೂ ಉಡುಗೊರೆ ಕೊಟ್ಟರೆ ತಪ್ಪಾಗುತ್ತದೆಯೇ?

ಸರ್ಕಾರಿ ಶಿಕ್ಷಕರು ನಾಗರಿಕ ಸೇವಾ ನಡತೆ ನಿಯಮಗಳಿಗೆ ಒಳಪಟ್ಟವರು, ಬೆಲೆಬಾಳುವ ಉಡುಗೊರೆ ಪಡೆಯುವುದಕ್ಕೆ ಅವರಿಗೆ ನಿರ್ಬಂಧವಿದೆ. ಸೀರೆ, ಮೊಬೈಲ್, ನಗದು ಕೊಟ್ಟು ಅವರನ್ನು ಸಂಕಟಕ್ಕೆ ಸಿಲುಕಿಸಬೇಡಿ. ಪಾಲಕರಲ್ಲಿ ಕೊಡಲಾರದವರ ಮಕ್ಕಳು ಏನೆಂದುಕೊಂಡಾರು ಎಂಬುದನ್ನೂ ಯೋಚಿಸಿ. ಹೊಲದ ಹಸಿಕಡಲೆಯ ಒಂದು ಸಿವುಡು, ಮಗು ತಾನೇ ಬರೆದ ಪತ್ರ, ಇವನ್ನು ಯಾವ ನಿಯಮವೂ ತಡೆಯುವುದಿಲ್ಲ. ನನ್ನ ಬಳಿ ಇಂದಿಗೂ ಅಂಥ ಒಂದು ಚೀಟಿಯಿದೆ, ಅದರಲ್ಲಿ ಎರಡನೇ ತರಗತಿಯ ಹುಡುಗ ನನ್ನ ಹೆಸರನ್ನು ತಪ್ಪಾಗಿ ಬರೆದು ಕೆಳಗೆ ಒಂದು ಎತ್ತಿನ ಚಿತ್ರ ಬಿಡಿಸಿದ್ದಾನೆ.

ಉಡುಗೊರೆ ಬೇಡವೆಂದರೆ ಶಿಕ್ಷಕರಿಗೆ ನಿಜವಾಗಿ ಬೇಕಾದದ್ದೇನು?

ಅವರಿಗೆ ಬೇಕಾದದ್ದು ಸಮಯ. ಇಬ್ಬರೇ ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆಯನ್ನು ಕಣ್ಣೆದುರು ತಂದುಕೊಳ್ಳಿ. ಐದು ತರಗತಿ, ರೂಪಣಾತ್ಮಕ ಮೌಲ್ಯಮಾಪನ, ಮಕ್ಕಳ ದಾಖಲೆ ಇಡುವ ಸ್ಯಾಟ್ಸ್ ತಂತ್ರಾಂಶದಲ್ಲಿ ಅಂಕ ತುಂಬುವುದು, ಬಿಸಿಯೂಟದ ದಿನದ ಲೆಕ್ಕ, ಮೊಟ್ಟೆಯ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ತರಬೇತಿಗೆ ಕರೆ, ಚುನಾವಣಾ ಪಟ್ಟಿಯ ಕೆಲಸ. ಒಬ್ಬರು ಕ್ಷೇತ್ರ ಶಿಕ್ಷಣಾಧಿಕಾರಿಯ, ಅಂದರೆ ಬಿಇಒ ಕಚೇರಿಗೆ ಹೋದರೆ ಅಂದು ಐದೂ ತರಗತಿ ಇನ್ನೊಬ್ಬರ ಪಾಲಿಗೆ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಪರಿಚ್ಛೇದವು ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಯ ಹೊರತು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಬಳಸಬಾರದೆನ್ನುತ್ತದೆ, ಆದರೂ ಸಣ್ಣಪುಟ್ಟ ಕೆಲಸಗಳು ಅವರ ಹೆಗಲೇರುವುದು ನಿಂತಿಲ್ಲ.

ಊರಿನ ಪದವೀಧರ ಹುಡುಗ-ಹುಡುಗಿಯರು ವಾರಕ್ಕೆ ಎರಡು ಮಧ್ಯಾಹ್ನ ಬಂದು ನಾಲ್ಕು ಮತ್ತು ಐದನೇ ತರಗತಿಗೆ ಗಟ್ಟಿಯಾಗಿ ಓದಿಸುವುದನ್ನು, ಮಗ್ಗಿ ಹೇಳಿಸುವುದನ್ನು ಮಾಡಿದರೆ ಶಿಕ್ಷಕರಿಗೆ ಉಳಿದ ಮಕ್ಕಳೊಂದಿಗೆ ಕೂಡಲು ಬಿಡುವು ಸಿಗುತ್ತದೆ. ತರಗತಿಯಲ್ಲಿ ಶಿಕ್ಷಕರೂ ಇರುವಾಗಲೇ ಇದು ನಡೆಯಬೇಕು, ಮುಖ್ಯಗುರುಗಳ ಒಪ್ಪಿಗೆ ಬರಹದಲ್ಲಿರಬೇಕು. ಅಂಕಗಳ ದಾಖಲೆ ಮತ್ತು ಲಾಗಿನ್ ಮಾತ್ರ ಹೊರಗಿನವರ ಕೈಗೆ ಹೋಗಕೂಡದು.

ಅಡುಗೆ ಅಕ್ಕಂದಿರ ಬಗ್ಗೆ ಯಾರೂ ಕೇಳುವುದೇ ಇಲ್ಲ. ಅವರಿಗೆ ಏನು ಮಾಡಬಹುದು?

ಈ ಪ್ರಶ್ನೆ ಕೇಳಿದವರು ಒಬ್ಬ ಹಳೆಯ ವಿದ್ಯಾರ್ಥಿನಿ, ಅವರ ತಾಯಿಯೇ ಬಿಸಿಯೂಟದ ಅಡುಗೆಯವರಾಗಿದ್ದರು. ಡಿಸೆಂಬರ್‌ನ ಬೆಳಿಗ್ಗೆ ಅಡುಗೆಕೋಣೆಗೆ ಹೋಗಿ ನೋಡಿ. ಟ್ಯಾಂಕಿನ ನೀರು ಕೊರೆಯುತ್ತಿರುತ್ತದೆ, ಆ ನೀರಿನಲ್ಲೇ ಅಕ್ಕಿ, ಬೇಳೆ, ದೊಡ್ಡ ಪಾತ್ರೆ ತೊಳೆಯಬೇಕು. 2024ರ ಸೆಪ್ಟೆಂಬರ್‌ನಿಂದ ಮೊಟ್ಟೆ ವಾರಕ್ಕೆ ಆರು ದಿನವೂ ಇದೆ. ನೂರು ಮೊಟ್ಟೆ ಬೇಯಿಸಿ, ತಣ್ಣೀರಿಗೆ ಹಾಕಿ, ಒಂದೊಂದಾಗಿ ಸುಲಿಯುವಾಗ ಉಗುರಿನ ಬುಡದಲ್ಲಿ ಸಿಪ್ಪೆಯ ಚೂರು ಚುಚ್ಚಿ ಬಿರುಕಾದ ಬೆರಳು ಉರಿಯುತ್ತದೆ. ಅದೇ ಕೈಯಿಂದ ಅವರು ಸಾರಿಗೆ ಖಾರ ಹಾಕುತ್ತಾರೆ.

ಉದ್ದ ತೋಳಿನ ರಬ್ಬರ್ ಕೈಗವಸು, ಒಂದು ದಪ್ಪ ಏಪ್ರನ್, ಜಾರದ ಚಪ್ಪಲಿ, ನಿಂತು ಕೆಲಸ ಮಾಡಲು ಎತ್ತರದ ಕಟ್ಟೆ ಇವು ದೊಡ್ಡ ವೆಚ್ಚದವಲ್ಲ. ಇವರದು ಗೌರವಧನದ ಕೆಲಸ, ಅದೂ ಕೆಲವು ತಿಂಗಳು ತಡವಾಗಿ ಬರುತ್ತದೆ. ಎಸ್‌ಡಿಎಂಸಿ ಸಭೆಯಲ್ಲಿ ಈ ತಿಂಗಳ ಗೌರವಧನ ಬಂದಿದೆಯೇ ಎಂದು ಕೇಳಿ ನಡಾವಳಿಯಲ್ಲಿ ಬರೆಸುವುದು ಸದಸ್ಯರ ಕೈಯಲ್ಲಿದೆ. ತಿಥಿ ಭೋಜನ ಮಾಡಿಸುವವರೂ ನೆನಪಿಡಬೇಕು, ವಿಶೇಷ ಅಡುಗೆಯೆಂದರೆ ಇವರಿಗೆ ಎರಡರಷ್ಟು ಕೆಲಸ. ಅಂದು ನಿಮ್ಮ ಮನೆಯ ನಾಲ್ವರು ಬಂದು ಕಾಯಿಪಲ್ಯ ಹೆಚ್ಚಿ, ಪಾತ್ರೆ ತೊಳೆದು ಹೋಗಿ.

ಅತಿಥಿ ಶಿಕ್ಷಕರು ಬೇರೆ ಊರಿಂದ ಬರುತ್ತಾರೆ. ಅವರಿಗೆ ಊರಿನವರು ಏನು ಮಾಡಬಹುದು?

ಕಲ್ಯಾಣ ಕರ್ನಾಟಕದಲ್ಲಿ ಖಾಯಂ ಹುದ್ದೆಗಳು ಖಾಲಿ ಉಳಿದ ಎಷ್ಟೋ ಶಾಲೆಗಳು ಅತಿಥಿ ಶಿಕ್ಷಕರ ಮೇಲೆಯೇ ನಿಂತಿವೆ. ಅವರಲ್ಲಿ ಹೆಚ್ಚಿನವರು ಬೆಳಗಿನ ಮೊದಲ ಬಸ್ಸಿಗೆ ಹೊರಟು ಕೊನೆಯ ಬಸ್ಸಿಗೆ ಮರಳುವವರು. ಊರಿನಲ್ಲಿ ಕಡಿಮೆ ಬಾಡಿಗೆಯ ಒಂದು ಕೋಣೆ, ಬಸ್ ತಪ್ಪಿದ ದಿನ ಒಂದು ಮನೆಯ ರೊಟ್ಟಿ, ಇಷ್ಟು ಸಿಕ್ಕರೆ ಅವರು ವರ್ಷದ ನಡುವೆ ಬಿಟ್ಟುಹೋಗುವುದು ಕಡಿಮೆಯಾಗುತ್ತದೆ. ಅವರನ್ನು ಸಭೆಗಳಲ್ಲಿ ಕೊನೆಯ ಕುರ್ಚಿಗೆ ಕಳಿಸದಿರುವುದು ಅದಕ್ಕಿಂತ ಮುಖ್ಯ.

## ಗುಳೆ, ಕೂಲಿ ಮತ್ತು ಜಾರಿಹೋಗುವ ಮಕ್ಕಳು

ರಾಶಿ ಮುಗಿಸಿ ಬೆಂಗಳೂರಿಗೆ ದುಡಿಯಾಕ ಹೋಗ್ತೀವ್ರಿ. ಮಗೂನ್ನ ಕರಕೊಂಡು ಹೋಗ್ಲೊ, ಬಿಟ್ಟು ಹೋಗ್ಲೊ?

ಇದಕ್ಕಿಂತ ಕಷ್ಟದ ಪ್ರಶ್ನೆ ನನಗೆ ಬಂದಿಲ್ಲ. ಬೆಂಗಳೂರು, ಮುಂಬೈ, ಪುಣೆ, ಹೈದರಾಬಾದ್‌ಗಳ ಕಟ್ಟಡ ಕೆಲಸಕ್ಕೆ ಹೊರಡುವ ಕುಟುಂಬಗಳನ್ನು ಯಾದಗಿರಿ ಅಥವಾ ವಾಡಿ ನಿಲ್ದಾಣದಲ್ಲಿ ರಾತ್ರಿ ನೋಡಬಹುದು. ಗಂಟು, ಪಾತ್ರೆಯ ಚೀಲ, ಅದರ ಮೇಲೆ ತಲೆಯಿಟ್ಟು ಮಲಗಿದ ಸಮವಸ್ತ್ರದ ಮಗು. ಬೇರೆ ಬಟ್ಟೆ ಇಲ್ಲದ್ದರಿಂದ ಶಾಲೆಯ ಅಂಗಿಯಲ್ಲೇ ಶಾಲೆ ಬಿಟ್ಟು ಹೊರಟ ಮಗು ಅದು.

ಊರಲ್ಲಿ ಅಜ್ಜ-ಅಜ್ಜಿ ಗಟ್ಟಿಯಾಗಿದ್ದರೆ ಮಗುವನ್ನು ಬಿಟ್ಟು ಹೋಗಿ, ಶಾಲೆ ತಪ್ಪುವುದಿಲ್ಲ. ನೋಡಿಕೊಳ್ಳುವವರು ಇಲ್ಲದಿದ್ದರೆ, ಗುಳೆ ಹೋಗುವವರ ಮಕ್ಕಳಿಗಾಗಿ ಸಮಗ್ರ ಶಿಕ್ಷಣ ಯೋಜನೆಯಡಿ ನಡೆಸುವ ಋತುಮಾನ ವಸತಿ ಕೇಂದ್ರ ನಿಮ್ಮ ತಾಲ್ಲೂಕಿನಲ್ಲಿ ಈ ವರ್ಷ ಇದೆಯೇ ಎಂದು ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯನ್ನು (ಸಿಆರ್‌ಪಿ) ಅಥವಾ ಬಿಇಒ ಕಚೇರಿಯಲ್ಲಿ ಕೇಳಿ. ಹೊರಡುವ ದಿನ ಕೇಳಿದರೆ ಆಗದು, ಹದಿನೈದು ದಿನ ಮೊದಲೇ ಕೇಳಬೇಕು. ಎರಡೂ ಆಗದಿದ್ದರೆ ಕರೆದುಕೊಂಡು ಹೋಗಿ, ಆದರೆ ಶಾಲೆಗೆ ಹೇಳಿ ಹೋಗಿ. ಎಲ್ಲಿಗೆ, ಯಾವ ಬಡಾವಣೆಗೆ, ಎಷ್ಟು ತಿಂಗಳಿಗೆ, ಯಾರ ಫೋನ್ ನಂಬರು ಎಂಬ ನಾಲ್ಕು ಮಾತನ್ನು ಮುಖ್ಯಗುರುಗಳು ಬರೆದುಕೊಂಡರೆ ಮಗುವಿನ ಸುಳಿವು ಕಡಿಯುವುದಿಲ್ಲ. ಹೇಳಿದರೆ ಬೈಯುತ್ತಾರೆ ಎಂದು ಎಷ್ಟೋ ತಾಯಂದಿರು ಸದ್ದಿಲ್ಲದೆ ಹೋಗುತ್ತಾರೆ. ಶಿಕ್ಷಕ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೇ: ಹೇಳಲು ಬಂದ ತಾಯಿಯನ್ನು ಬೈಯಬೇಡಿ.

ಅಲ್ಲಿಯ ಶಾಲೆಯವರು ಟಿಸಿ ಇಲ್ಲದೆ ಸೇರಿಸಿಕೊಳ್ಳುವುದಿಲ್ಲ ಎನ್ನುತ್ತಾರೆ. ನಿಜವೇ?

ಆರರಿಂದ ಹದಿನಾಲ್ಕು ವರ್ಷದ ಮಗುವಿನ ವಿಷಯದಲ್ಲಿ ಅದು ತಪ್ಪು. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಪರಿಚ್ಛೇದದ ಪ್ರಕಾರ ಮಗುವಿಗೆ ರಾಜ್ಯದ ಒಳಗೂ ಹೊರಗೂ ಬೇರೆ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗವಾಗುವ ಹಕ್ಕಿದೆ, ಹಳೆಯ ಶಾಲೆಯ ಮುಖ್ಯಸ್ಥರು ತಕ್ಷಣ ವರ್ಗಾವಣೆ ಪತ್ರ ಕೊಡಬೇಕು, ಮತ್ತು ಆ ಪತ್ರ ತಡವಾಯಿತೆಂಬುದು ಪ್ರವೇಶ ತಡೆಯಲು ಕಾರಣವಾಗಕೂಡದು. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲವೆಂದು 14ನೇ ಪರಿಚ್ಛೇದ ಹೇಳುತ್ತದೆ. ಪಾಲಕರು ಮಗುವಿನ ಸ್ಯಾಟ್ಸ್ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ಹೋದರೆ ಕರ್ನಾಟಕದ ಒಳಗಿನ ಶಾಲೆಗೆ ಮಗುವಿನ ವಿವರ ತೆಗೆಯುವುದು ಸುಲಭ. ಊರಿನ ಶಿಕ್ಷಕರು ಆ ಶಾಲೆಯ ಮುಖ್ಯಗುರುಗಳಿಗೆ ಒಂದು ಫೋನ್ ಮಾಡಿದರೆ ಕಾನೂನು ಹೇಳುವ ಪ್ರಸಂಗವೇ ಬರುವುದಿಲ್ಲ.

ಹತ್ತಿ ಬಿಡಿಸಲು ಮಕ್ಕಳೇ ಬೇಕೆಂದು ಹೊಲದವರು ಕರೆಯುತ್ತಾರೆ. ನಾವು ಬೇಡವೆಂದರೆ ಜಗಳ. ಏನು ಮಾಡಬೇಕು?

ಶಹಾಪುರ, ಸುರಪುರ ಭಾಗದವರಿಂದ ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯ ನಂತರ ಹದಿನಾಲ್ಕು ವರ್ಷದೊಳಗಿನ ಮಗುವನ್ನು ಯಾವ ಕೆಲಸಕ್ಕೂ ನೇಮಿಸಿಕೊಳ್ಳುವಂತಿಲ್ಲ. ಸ್ವಂತ ಕುಟುಂಬದ ಕೆಲಸದಲ್ಲಿ ಶಾಲೆಯ ಸಮಯದ ನಂತರ ಅಥವಾ ರಜೆಯಲ್ಲಿ ಕೈಜೋಡಿಸಲು ಮಾತ್ರ ಅವಕಾಶವಿದೆ, ಅದೂ ಅಪಾಯಕಾರಿಯಲ್ಲದ ಕೆಲಸಕ್ಕೆ. ಬೇರೆಯವರ ಹೊಲದಲ್ಲಿ ಕೂಲಿಗೆ ಕಳಿಸುವುದು ಇದರಲ್ಲಿ ಬರುವುದಿಲ್ಲ.

ಕಾನೂನು ಹಿಡಿದು ಒಬ್ಬ ಪಾಲಕ ಹೊಲದೊಡೆಯನ ಎದುರು ನಿಲ್ಲುವುದು ಸುಲಭವಲ್ಲ, ಮರುದಿನ ಅವರಿಗೂ ಕೂಲಿ ತಪ್ಪಬಹುದು. ಆದ್ದರಿಂದ ಇದು ಊರಿನ ಮಾತಾಗಬೇಕು. ಹತ್ತಿ ಅರಳುವ ಮೊದಲೇ ಗ್ರಾಮ ಪಂಚಾಯಿತಿ ಮತ್ತು ಎಸ್‌ಡಿಎಂಸಿ ಸೇರಿ, ಶಾಲೆಯ ಸಮಯದಲ್ಲಿ ಮಕ್ಕಳನ್ನು ಕರೆಯುವುದಿಲ್ಲವೆಂದು ದೊಡ್ಡ ಹಿಡುವಳಿದಾರರಿಂದಲೇ ಹೇಳಿಸಿ ಡಂಗುರ ಸಾರಿಸಿದ ಊರುಗಳಲ್ಲಿ ಹಾಜರಿ ನಿಂತದ್ದನ್ನು ನಾನು ನೋಡಿದ್ದೇನೆ. ಮಗುವಿಗೆ ಹೊಡೆತ, ಬಲವಂತ, ಬೇರೆ ಊರಿಗೆ ಸಾಗಿಸುವುದು ಕಂಡುಬಂದರೆ ಕಾಯುವ ಪ್ರಶ್ನೆಯಿಲ್ಲ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ತಾಂಡಾದ ಮಕ್ಕಳು, ಉರ್ದು-ಮರಾಠಿ ಶಾಲೆಯ ಮಕ್ಕಳು ಇದರಲ್ಲಿ ಸೇರಿದ್ದಾರೆಯೇ?

ಸೇರಿದ್ದಾರೆ, ಅವರನ್ನು ಮೊದಲು ಎಣಿಸಬೇಕು. ಚಿಂಚೋಳಿ, ಆಳಂದ, ಔರಾದ್ ಕಡೆಯ ಲಂಬಾಣಿ ತಾಂಡಾಗಳಿಂದ ಗುಳೆ ಹೆಚ್ಚು. ಮನೆಯಲ್ಲಿ ಲಂಬಾಣಿ ಮಾತಾಡುವ ಮಗು ಒಂದು ತಿಂಗಳು ಶಾಲೆ ತಪ್ಪಿಸಿಕೊಂಡರೆ ಕಲಿತ ಕನ್ನಡವೂ ಅರ್ಧ ಜಾರಿರುತ್ತದೆ. ಕಥೆ ಪುಸ್ತಕ ಕೊಡುವವರು ಶಾಲೆಯ ಮಾಧ್ಯಮ ಕೇಳಿ, ಉರ್ದು ಶಾಲೆಗೆ ಉರ್ದುವನ್ನು, ಮರಾಠಿ ಶಾಲೆಗೆ ಮರಾಠಿಯನ್ನು ತನ್ನಿ, ಜೊತೆಗೆ ಕೆಲವು ಕನ್ನಡ ಪುಸ್ತಕವೂ ಇರಲಿ.

## ಲೆಕ್ಕ, ಫೋಟೊ ಮತ್ತು ಜನವರಿ

ದೇಣಿಗೆಯ ಹಣವನ್ನು ಯಾರ ಕೈಗೆ ಕೊಡಬೇಕು?

ಯಾರ ಕೈಗೂ ಬೇಡ, ಎಸ್‌ಡಿಎಂಸಿಯ ಬ್ಯಾಂಕ್ ಖಾತೆಗೆ ಹಾಕಿ ರಸೀದಿ ಪಡೆಯಿರಿ. ವಸ್ತುವಾದರೆ ಶಾಲೆಯ ದಾಸ್ತಾನು ವಹಿಯಲ್ಲಿ ದಾಖಲಾಗಲಿ, ಏಕೆಂದರೆ ಮುಖ್ಯಗುರುಗಳು ವರ್ಗವಾದಾಗ ವಹಿಯಲ್ಲಿಲ್ಲದ ವಸ್ತುವಿಗೆ ವಾರಸುದಾರರಿರುವುದಿಲ್ಲ. ಇದು ಅಪನಂಬಿಕೆಯ ಮಾತಲ್ಲ. ಪ್ರಾಮಾಣಿಕ ಶಿಕ್ಷಕರನ್ನು ಊರಿನ ಗುಸುಗುಸು ಮಾತಿನಿಂದ ಕಾಪಾಡುವುದು ಈ ಎರಡು ಸಾಲಿನ ಬರಹವೇ.

ಹಂಚುವಾಗ ಮಕ್ಕಳ ಫೋಟೊ ತೆಗೆದು ಹಾಕಬಹುದೇ?

ಸ್ವೆಟರ್ ಹಿಡಿದು ಕೈಚಾಚಿ ನಿಂತ ಮಗುವಿನ ಮುಖ ಮೊಬೈಲ್‌ನಿಂದ ಮೊಬೈಲ್‌ಗೆ ಹಾರುವುದು ನನಗೆ ಎಂದೂ ಸರಿ ಕಂಡಿಲ್ಲ. ಆ ಮಗು ಹತ್ತು ವರ್ಷದ ನಂತರ ಅದನ್ನು ನೋಡಬಹುದು. ದಾನಿಗಳಿಗೆ ತೋರಿಸಲು ವಸ್ತುಗಳ ಚಿತ್ರ, ರಸೀದಿ ಮತ್ತು ಶಾಲೆಯ ಪತ್ರ ಸಾಕು. ಪಾಲಕರು ಒಪ್ಪಿದರೆ ಮಕ್ಕಳು ಆಡುತ್ತಿರುವ, ಓದುತ್ತಿರುವ ಗುಂಪು ಚಿತ್ರ ತೆಗೆಯಬಹುದು.

ಸಂಕ್ರಾಂತಿ ಮುಗಿದರೂ ಕೆಲವು ಮಕ್ಕಳು ಬಂದಿಲ್ಲ. ಈಗೇನು ಮಾಡುವುದು?

ಸಂಕ್ರಾಂತಿಯ ನಂತರದ ಮೊದಲ ಶಾಲಾ ದಿನದಂದೇ ಬಾರದವರ ಪಟ್ಟಿ ಮಾಡಿ, ಅದೇ ವಾರ ಮನೆಗೆ ಹೋಗಿ. ಒಬ್ಬ ಶಿಕ್ಷಕರು, ಒಬ್ಬ ಎಸ್‌ಡಿಎಂಸಿ ಸದಸ್ಯೆ, ಜೊತೆಗೆ ಆ ಮಗುವಿನ ಬೆಂಚಿನ ಗೆಳೆಯ ಅಥವಾ ಗೆಳತಿ ಇದ್ದರೆ ಒಳ್ಳೆಯದು. ದೊಡ್ಡವರ ಮಾತಿಗೆ ತಲೆ ತಗ್ಗಿಸುವ ಮಗು ಗೆಳತಿ ಕರೆದರೆ ಹೊಸಿಲು ದಾಟುತ್ತದೆ. ಕೆಲವೊಮ್ಮೆ ಕಾರಣ ಬಹಳ ಸಣ್ಣದಿರುತ್ತದೆ. ಒಮ್ಮೆ ನಾನು ಹೋದ ಮನೆಯಲ್ಲಿ ಹುಡುಗನ ಶೂ ಹರಿದಿತ್ತು, ಬರಿಗಾಲಲ್ಲಿ ಹೋದರೆ ಪ್ರಾರ್ಥನೆಯ ಸಾಲಿನಿಂದ ಹೊರಗೆ ನಿಲ್ಲಿಸುತ್ತಾರೆಂದು ಅವನು ಮನೆಯಲ್ಲೇ ಉಳಿದಿದ್ದ.

ಮನೆಗೆ ಬೀಗವಿದ್ದರೆ ನೆರೆಯವರಿಂದ ಫೋನ್ ನಂಬರು ಪಡೆದು ಹಾಜರಿ ಪುಸ್ತಕದ ಹಿಂಬದಿಯಲ್ಲಿ ಬರೆದಿಡಿ, ಸಿಆರ್‌ಪಿಗೆ ತಿಳಿಸಿ, ಹೆಸರನ್ನು ಅವಸರದಲ್ಲಿ ಹೊಡೆದುಹಾಕಬೇಡಿ. ಯುಗಾದಿಗೆ ಊರಿಗೆ ಬರುವ ಕುಟುಂಬಗಳು ಬಹಳ. ಆಗ ಮಗು ಬಂದರೆ ಪರೀಕ್ಷೆಗೆ ಎಷ್ಟೇ ದಿನ ಉಳಿದಿದ್ದರೂ ಅದೇ ತರಗತಿಯಲ್ಲಿ, ಅದೇ ಗೆಳೆಯರ ಪಕ್ಕದಲ್ಲಿ ಕೂಡಿಸಿ, ತಪ್ಪಿದ ಪಾಠಕ್ಕೆ ದಿನಕ್ಕೆ ಅರ್ಧ ಗಂಟೆ ಬೇರೆ ಕೊಡಿ. ವಯಸ್ಸಿಗೆ ತಕ್ಕ ತರಗತಿ ಮತ್ತು ಅದಕ್ಕೆ ಬೇಕಾದ ವಿಶೇಷ ಕಲಿಕೆ ಎರಡನ್ನೂ ಕಾಯ್ದೆಯ 4ನೇ ಪರಿಚ್ಛೇದ ಮಗುವಿಗೆ ಕೊಟ್ಟಿದೆ. ಬಂದ ದಿನ ಇಷ್ಟು ದಿನ ಎಲ್ಲಿದ್ದೆ ಎಂದು ಎಲ್ಲರೆದುರು ಕೇಳಬೇಡಿ. ಊಟವಾಯಿತೇ ಎಂದು ಕೇಳಿ.